ಮಂಚಕ್ಕೆ ಬಾಕ್ಸ್ ಸ್ಪ್ರಿಂಗ್ ಬೇಕೇ, ಬೇಡವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಹಾಸಿಗೆ ಕೊಳ್ಳಲು ಹೋದವರಿಗೆ ಎದುರಾಗುವ ಪ್ರಶ್ನೆ ಇದು: ಕೆಳಗೆ ಬಾಕ್ಸ್ ಸ್ಪ್ರಿಂಗ್ ಬೇಕಾ? ಬಹಳ ಜನ ಆ ಹೊತ್ತಿಗೆ ಹಾಸಿಗೆಯ ಬಗ್ಗೆ ಎಲ್ಲ ಓದಿಕೊಂಡಿರುತ್ತಾರೆ. ತಮ್ಮ ಮಂಚದ ತಳ ಹೇಗಿದೆ ಎಂದು ಮಾತ್ರ ನೋಡಿರುವುದಿಲ್ಲ. ಈ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ. ಹಾಗಾಗಿ ಮುಂದೆ ಓದುವ ಮೊದಲು ಒಂದು ಕೆಲಸ ಮಾಡಿ. ಹಾಸಿಗೆಯ ಒಂದು ಮೂಲೆ ಎತ್ತಿ, ಕೆಳಗೆ ಏನಿದೆ ಎಂದು ನೋಡಿಕೊಂಡು ಬನ್ನಿ.

ಬಾಕ್ಸ್ ಸ್ಪ್ರಿಂಗ್ ಎಂದರೆ ನಿಜವಾಗಿ ಏನು?

ಮರದ ಚೌಕಟ್ಟು, ಅದರೊಳಗೆ ಉಕ್ಕಿನ ಸ್ಪ್ರಿಂಗುಗಳು, ಮೇಲೆ ಹೊದಿಸಿದ ಬಟ್ಟೆ. ನೋಡಲು ಇನ್ನೊಂದು ಹಾಸಿಗೆಯಂತೆಯೇ ಇರುತ್ತದೆ, ಆದರೆ ಅದರ ಮೇಲೆ ನೇರವಾಗಿ ಮಲಗುವಂತಿಲ್ಲ. ಮಂಚದ ಚೌಕಟ್ಟಿನ ಮೇಲೆ ಇದನ್ನು ಇಟ್ಟು, ಇದರ ಮೇಲೆ ಹಾಸಿಗೆ ಹಾಕಬೇಕು. ಸಾಮಾನ್ಯ ಎತ್ತರ 8ರಿಂದ 9 ಇಂಚು. ತೆಳುವಾದದ್ದು 4ರಿಂದ 5 ಇಂಚು ಇರುತ್ತದೆ.

ಇದು ಮಾಡುವ ಕೆಲಸ ಮೂರು. ಹಾಸಿಗೆಯ ಭಾರವನ್ನು ಚೌಕಟ್ಟಿಗೆ ಸಮನಾಗಿ ಹಂಚುತ್ತದೆ, ಹಾಸಿಗೆಯನ್ನು ಎತ್ತರಿಸುತ್ತದೆ, ಕೆಳಗಿನಿಂದ ಗಾಳಿ ಆಡಲು ಜಾಗ ಬಿಡುತ್ತದೆ. ಹಿಂದೆ ಹಾಸಿಗೆಗಳು ತೆಳ್ಳಗಿದ್ದವು, ಸ್ಪ್ರಿಂಗಿನವೇ ಜಾಸ್ತಿ ಇದ್ದವು. ಆಗ ಕೆಳಗಿನ ಈ ಸ್ಪ್ರಿಂಗುಗಳು ಭಾರದ ಪೆಟ್ಟನ್ನು ಒಂದಷ್ಟು ತಾವೇ ತೆಗೆದುಕೊಳ್ಳುತ್ತಿದ್ದವು. ಈಗಿನ ದಪ್ಪ ಹಾಸಿಗೆಗೆ ಆ ಸಹಾಯ ಬೇಕಿಲ್ಲ. ಅದಕ್ಕೆ ಬೇಕಿರುವುದು ಗಟ್ಟಿಯಾದ, ಸಮತಟ್ಟಾದ ತಳ, ಅಷ್ಟೇ.

ಹಾಗಾದರೆ ನನ್ನ ಮಂಚಕ್ಕೆ ಬೇಕೋ ಬೇಡವೋ ಹೇಗೆ ತಿಳಿಯುವುದು?

ಹಾಸಿಗೆ ಎತ್ತಿ ನೋಡಿದಿರಲ್ಲ, ಏನು ಕಂಡಿತು?

ಸುತ್ತ ನಾಲ್ಕು ಬದಿಗೆ ಕಬ್ಬಿಣದ ಅಥವಾ ಮರದ ಪಟ್ಟಿ, ನಡುವೆ ಬರೀ ಖಾಲಿ, ಹೆಚ್ಚೆಂದರೆ ಒಂದೆರಡು ಅಡ್ಡಪಟ್ಟಿ. ಹೀಗಿದ್ದರೆ ಅದು ಬಾಕ್ಸ್ ಸ್ಪ್ರಿಂಗಿಗಾಗಿಯೇ ಮಾಡಿದ ಮಂಚ. ಅದರ ಮೇಲೆ ನೇರವಾಗಿ ಹಾಸಿಗೆ ಹಾಕಿದರೆ ಕೆಲವೇ ದಿನಗಳಲ್ಲಿ ನಡು ಜೋತು ಬೀಳುತ್ತದೆ. ಗಾಲಿ ಇರುವ, ಬಿಚ್ಚಿ ಜೋಡಿಸುವ ಸಾದಾ ಕಬ್ಬಿಣದ ಚೌಕಟ್ಟುಗಳು ಹೆಚ್ಚಾಗಿ ಈ ಜಾತಿಯವು. ಹಳೆಯ ಕಾಲದ ಕೆತ್ತನೆಯ ಮಂಚಗಳಲ್ಲೂ ಇದನ್ನು ನೋಡಬಹುದು. ಪಕ್ಕದ ಮರದ ಒಳಬದಿಗೆ ಒಂದು ಸಣ್ಣ ಅಂಚು, ಅದರ ಮೇಲೆ ಸಡಿಲವಾಗಿ ಕೂರಿಸಿದ ಮೂರು ನಾಲ್ಕು ಅಡ್ಡಮರ. ಆ ಮರಗಳು ಹಾಸಿಗೆಯನ್ನು ಹೊರಲು ಇರುವವಲ್ಲ, ಬಾಕ್ಸ್ ಸ್ಪ್ರಿಂಗ್ ಕೆಳಗೆ ಜಾರದಂತೆ ತಡೆಯಲು ಇರುವವು.

ತಲೆಯಿಂದ ಕಾಲಿನವರೆಗೆ ಒತ್ತೊತ್ತಾಗಿ ಪಟ್ಟಿಗಳಿವೆ, ನಡುವೆ ಉದ್ದಕ್ಕೆ ಒಂದು ತೊಲೆ ಇದೆ, ಆ ತೊಲೆಯಿಂದ ನೆಲಕ್ಕೆ ಕಾಲು ಇಳಿದಿದೆ. ಹೀಗಿದ್ದರೆ ಬಾಕ್ಸ್ ಸ್ಪ್ರಿಂಗ್ ಬೇಡ. ಪೂರ್ತಿ ಹಲಗೆ ಅಥವಾ ಪ್ಲೈವುಡ್ ಹಾಸಿದ್ದರೂ ಬೇಡ. ಒತ್ತಾದ ಗಟ್ಟಿ ಕಬ್ಬಿಣದ ಜಾಲರಿ ಇದ್ದರೂ ಬೇಡ, ಆದರೆ ಕೈಯಿಂದ ಒತ್ತಿದಾಗ ಅದು ಬಾಗಬಾರದು.

ಕಷ್ಟ ಇರುವುದು ಇವೆರಡರ ನಡುವಿನ ಮಂಚಗಳಲ್ಲಿ. ಪಟ್ಟಿಗಳಿವೆ, ಆದರೆ ವಿರಳ. ಮರವಿದೆ, ಆದರೆ ತೆಳು. ಅದಕ್ಕೆ ಅಳತೆಯೇ ದಾರಿ.

ಪಟ್ಟಿಗಳ ನಡುವೆ ಎಷ್ಟು ಜಾಗ ಇರಬಹುದು?

3 ಇಂಚು, ಅಂದರೆ ಸುಮಾರು 7.5 ಸೆಂ.ಮೀ. ಬಹಳಷ್ಟು ಹಾಸಿಗೆ ತಯಾರಕರು ಹೇಳುವ ಮಿತಿ ಇದೇ. ಫೋಮ್ ಮತ್ತು ಲ್ಯಾಟೆಕ್ಸ್ (ರಬ್ಬರಿನ) ಹಾಸಿಗೆಗೆ ಇದಕ್ಕಿಂತ ಕಡಿಮೆ ಇದ್ದಷ್ಟೂ ಒಳ್ಳೆಯದು. ಯಾಕೆಂದರೆ ಫೋಮಿನೊಳಗೆ ಬಿಗಿಯಾದ ಚೌಕಟ್ಟು ಏನೂ ಇಲ್ಲ. ಕೆಳಗೆ ಜಾಗ ಸಿಕ್ಕಲ್ಲಿ ಅದು ನಿಧಾನವಾಗಿ ಇಳಿಯುತ್ತದೆ. ಮೇಲಿನಿಂದ ನೋಡಿದರೆ ತಿಂಗಳುಗಟ್ಟಲೆ ಏನೂ ಗೊತ್ತಾಗುವುದಿಲ್ಲ. ತಳದಲ್ಲಿ ಮಾತ್ರ ಪಟ್ಟಿಗಳ ಗುರುತು ಅಚ್ಚೊತ್ತಿದಂತೆ ಬಿದ್ದಿರುತ್ತದೆ.

ಒಂದು ಲೆಕ್ಕ ನೋಡಿ. ಮಂಚದ ಉದ್ದ 80 ಇಂಚು, ಪ್ರತಿ ಪಟ್ಟಿಯ ಅಗಲ ಎರಡೂವರೆ ಇಂಚು ಎಂದುಕೊಳ್ಳಿ. ಹತ್ತು ಪಟ್ಟಿ ಹಾಕಿದರೆ ನಡುವಿನ ಜಾಗ 6 ಇಂಚು ದಾಟುತ್ತದೆ. ಹದಿನಾರು ಹಾಕಿದರೆ 2.7 ಇಂಚಿನ ಆಸುಪಾಸಿಗೆ ಬರುತ್ತದೆ. ಹತ್ತು ಪಟ್ಟಿ ಇರುವ ಮಂಚ ಕಣ್ಣಿಗೆ ಚೆನ್ನಾಗಿ ತುಂಬಿಕೊಂಡಂತೆಯೇ ಕಾಣುತ್ತದೆ. ಅದಕ್ಕೇ ಕಣ್ಣಳತೆ ಸಾಲದು, ಟೇಪು ಹಿಡಿಯಬೇಕು.

ಜಾಗ ಹೆಚ್ಚಿದೆ ಎಂದು ಗೊತ್ತಾದರೆ ಬಾಕ್ಸ್ ಸ್ಪ್ರಿಂಗ್ ಕೊಳ್ಳಲು ಓಡಬೇಕಿಲ್ಲ. ಅದೇ ದಪ್ಪದ ಇನ್ನಷ್ಟು ಪಟ್ಟಿ ಕೊಯ್ಯಿಸಿ ನಡುವೆ ಸೇರಿಸಿದರೆ ಆಯಿತು. ಮಂಚ ಗಟ್ಟಿಯಿದ್ದರೆ ನಾನು ಮೊದಲು ಹೇಳುವ ದಾರಿ ಇದೇ. ಖರ್ಚು ಕಡಿಮೆ, ಎತ್ತರ ಬದಲಾಗುವುದಿಲ್ಲ, ಕೆಲಸವೂ ಒಂದು ಮಧ್ಯಾಹ್ನದ್ದು. ಪಟ್ಟಿಗಳನ್ನು ಸ್ಕ್ರೂ ಹಾಕಿ ಬಿಗಿಯಿರಿ, ಇಲ್ಲದಿದ್ದರೆ ಒಂದು ಕಡೆಗೆ ಸರಿದು ಮತ್ತೆ ಜಾಗ ಬಿಟ್ಟುಕೊಳ್ಳುತ್ತವೆ.

ದಪ್ಪವನ್ನೂ ನೋಡಿ. ಪಟ್ಟಿಯ ನಡುವೆ ಮೊಣಕಾಲೂರಿ ಮೈಭಾರ ಬಿಡಿ. ನೇರ ಪಟ್ಟಿ ಕೆಳಗೆ ಬಾಗಿದರೆ ಅದು ತೆಳುವಾಯಿತು ಎಂದರ್ಥ. ಮೇಲಕ್ಕೆ ಕಮಾನಿನಂತೆ ಬಾಗಿಸಿ ಮಾಡಿದ ಪಟ್ಟಿಗಳ ಮಾತು ಬೇರೆ. ಅವು ಭಾರ ಬಿದ್ದಾಗ ಸ್ವಲ್ಪ ಇಳಿದು ಮತ್ತೆ ಏಳಲೆಂದೇ ಇರುವವು.

ನಡುವಿನ ಕಾಲಿಗೆ ಯಾಕೆ ಅಷ್ಟು ಮಹತ್ವ?

ಒಬ್ಬರು ಮಲಗುವ ಮಂಚಕ್ಕೆ ಅದು ಇಲ್ಲದಿದ್ದರೂ ನಡೆಯುತ್ತದೆ. ಇಬ್ಬರ ಮಂಚಕ್ಕೆ ಹಾಗಲ್ಲ. ಪಟ್ಟಿ ಉದ್ದವಾದಷ್ಟೂ ನಡುವೆ ಬಾಗುವುದು ಹೆಚ್ಚು. ಆ ಹೆಚ್ಚಳವೂ ಸಣ್ಣದಲ್ಲ. ಉದ್ದ ಎರಡರಷ್ಟಾದರೆ, ನಡುವೆ ಅದೇ ಭಾರ ಇಟ್ಟಾಗ ಬಾಗುವುದು ಎಂಟರಷ್ಟಾಗುತ್ತದೆ. ಅಂದರೆ ನಡುವೆ ಒಂದು ತೊಲೆ, ಅದಕ್ಕೊಂದೆರಡು ಕಾಲು ಕೊಟ್ಟರೆ ಅದೇ ಪಟ್ಟಿ ಎಷ್ಟೋ ಪಟ್ಟು ಗಟ್ಟಿಯಾಯಿತು. ಪಟ್ಟಿಯ ಮರ ಬದಲಿಸಬೇಕಾಗಿಯೇ ಇಲ್ಲ.

ಇನ್ನೊಂದು ಮಾತು. ಕಾಲು ಇದ್ದರೆ ಸಾಲದು, ಅದು ನೆಲ ಮುಟ್ಟಬೇಕು. ನೆಲ ಸ್ವಲ್ಪ ತಗ್ಗಿದ್ದರೆ ನಡುವಿನ ಕಾಲು ಗಾಳಿಯಲ್ಲಿ ತೂಗುತ್ತಿರುತ್ತದೆ. ಕೆಳಗೆ ಒಂದು ಕಾಗದ ತೂರಿಸಿ ನೋಡಿ. ಆರಾಮವಾಗಿ ಒಳಗೆ ಹೋಗಿ ಹೊರಬಂದರೆ ಆ ಕಾಲು ಇದ್ದೂ ಇಲ್ಲದಂತೆ.

ಇದನ್ನು ಇಲ್ಲೇ ಹೇಳಿಬಿಡುತ್ತೇನೆ: ಬಾಕ್ಸ್ ಸ್ಪ್ರಿಂಗ್ ಹಾಕಿದರೂ ನಡುವಿನ ಆಸರೆ ಬೇಕೇ ಬೇಕು. ಬಾಕ್ಸ್ ಸ್ಪ್ರಿಂಗಿನದ್ದೂ ಮರದ ಚೌಕಟ್ಟೇ ಅಲ್ವಾ? ನಡುವೆ ಏನೂ ಇಲ್ಲದಿದ್ದರೆ ಅದೂ ಬಾಗುತ್ತದೆ, ಕೆಲವೊಮ್ಮೆ ಮುರಿಯುತ್ತದೆ.

ಹಾಸಿಗೆ ಯಾವ ಜಾತಿಯದು ಎನ್ನುವುದು ಮುಖ್ಯವಲ್ಲವೇ?

ಮುಖ್ಯವೇ. ಆದರೆ ಅದು ಎರಡನೆಯ ಪ್ರಶ್ನೆ. ಮಂಚ ನೋಡಿದ ಮೇಲೆ ಕೇಳಬೇಕಾದದ್ದು.

ಮೆಮೊರಿ ಫೋಮ್ (ಮೈಯ ಆಕಾರಕ್ಕೆ ತಗ್ಗಿಕೊಡುವ ಫೋಮ್) ಮತ್ತು ಲ್ಯಾಟೆಕ್ಸ್ ಹಾಸಿಗೆಯನ್ನು ಸ್ಪ್ರಿಂಗ್ ಇರುವ ಬಾಕ್ಸಿನ ಮೇಲೆ ಹಾಕಬೇಡಿ. ಕೆಳಗಿನ ಸ್ಪ್ರಿಂಗ್ ಕುಸಿದ ಕಡೆ ಫೋಮೂ ಕುಸಿಯುತ್ತದೆ. ಇವಕ್ಕೆ ಅಲುಗದ ತಳವೇ ಬೇಕು. ಲ್ಯಾಟೆಕ್ಸ್ ಭಾರವೂ ಜಾಸ್ತಿ, ಆದ್ದರಿಂದ ಚೌಕಟ್ಟು ಇನ್ನೂ ಗಟ್ಟಿಯಿರಬೇಕು. ಪಾಕೆಟ್ ಸ್ಪ್ರಿಂಗ್ ಹಾಸಿಗೆಯಲ್ಲಿ ಪ್ರತಿ ಸ್ಪ್ರಿಂಗೂ ಬಟ್ಟೆಯ ಚೀಲದೊಳಗೆ ತನ್ನಷ್ಟಕ್ಕೆ ತಾನು ನಿಂತಿರುತ್ತದೆ. ಆದ್ದರಿಂದ ಅದಕ್ಕೂ ಒತ್ತಾದ ಪಟ್ಟಿಗಳೇ ಸರಿ. ಕೆಳಗೆ ಸ್ಪ್ರಿಂಗು, ಮೇಲೆ ಫೋಮು ಇರುವ ಹೈಬ್ರಿಡ್ ಹಾಸಿಗೆಗೂ ಇದೇ ಮಾತು.

ಬಾಕ್ಸ್ ಸ್ಪ್ರಿಂಗಿನ ಜೊತೆ ಚೆನ್ನಾಗಿ ಹೊಂದುವುದು ಹಳೆಯ ಬಗೆಯ ಸ್ಪ್ರಿಂಗ್ ಹಾಸಿಗೆ. ಸ್ಪ್ರಿಂಗುಗಳನ್ನೆಲ್ಲ ತಂತಿಯಿಂದ ಒಂದಕ್ಕೊಂದು ಹೆಣೆದಿರುತ್ತಾರಲ್ಲ, ಅದು. ಅದನ್ನೂ ಗಟ್ಟಿ ತಳದ ಮೇಲೆ ಧಾರಾಳವಾಗಿ ಹಾಕಬಹುದು. ಮಲಗಿದಾಗ ತುಸು ಗಡುಸು ಅನ್ನಿಸಬಹುದು, ಹಾಳಂತೂ ಆಗುವುದಿಲ್ಲ.

ತೆಂಗಿನ ನಾರು ಮತ್ತು ಹತ್ತಿಯ ಹಾಸಿಗೆಗೆ ಬಾಕ್ಸ್ ಸ್ಪ್ರಿಂಗ್ ಬೇಕಿಲ್ಲ. ಸಮತಟ್ಟಾದ ಹಲಗೆ ಅಥವಾ ಒತ್ತಾದ ಪಟ್ಟಿ ಸಾಕು.

ಫೌಂಡೇಶನ್, ಬಂಕಿ ಬೋರ್ಡ್ ಎಂದೆಲ್ಲ ಹೇಳುತ್ತಾರಲ್ಲ, ಅವು ಬೇರೆಯೇ?

ಬೇರೆ. ಗೊಂದಲ ಹುಟ್ಟುವುದೇ ಇಲ್ಲಿ. ಫೌಂಡೇಶನ್ ಹೊರಗಿನಿಂದ ಥೇಟ್ ಬಾಕ್ಸ್ ಸ್ಪ್ರಿಂಗಿನಂತೆ ಕಾಣುತ್ತದೆ. ಒಳಗೆ ಸ್ಪ್ರಿಂಗ್ ಇರುವುದಿಲ್ಲ, ಮರದ ಪಟ್ಟಿಗಳಿರುತ್ತವೆ. ಅಂಗಡಿಯಲ್ಲಿ ಎರಡನ್ನೂ ಬಾಕ್ಸ್ ಸ್ಪ್ರಿಂಗ್ ಎಂದೇ ಕರೆಯುವುದುಂಟು. ಹೆಸರು ಬಿಟ್ಟು ಕೈಯಿಂದ ಒತ್ತಿ ನೋಡಿ. ನಡುವೆ ಒತ್ತಿದಾಗ ಪುಟಿದರೆ ಒಳಗೆ ಸ್ಪ್ರಿಂಗ್ ಇದೆ. ಅಲುಗದಿದ್ದರೆ ಅದು ಫೌಂಡೇಶನ್. ಖಾಲಿ ಚೌಕಟ್ಟಿನ ಮಂಚ ಇದ್ದು, ಅದರ ಮೇಲೆ ಫೋಮ್ ಹಾಸಿಗೆ ಹಾಕಬೇಕಾದಾಗ ಈ ಫೌಂಡೇಶನ್ನೇ ಸರಿಯಾದ ಉತ್ತರ. ಒಳಗಿನ ಪಟ್ಟಿಗಳ ನಡುವೆಯೂ 3 ಇಂಚಿನ ನಿಯಮವೇ ನಡೆಯುತ್ತದೆ ಎಂಬುದನ್ನು ಮರೆಯಬೇಡಿ. ಬಟ್ಟೆಯ ಮೇಲಿನಿಂದ ಬೆರಳಾಡಿಸಿದರೆ ಪಟ್ಟಿಗಳು ಕೈಗೆ ಸಿಗುತ್ತವೆ.

ಬಂಕಿ ಬೋರ್ಡ್ ಎಂದರೆ ಬಟ್ಟೆ ಹೊದಿಸಿದ ತೆಳು ಹಲಗೆ ಅಥವಾ ಪಟ್ಟಿಗಳ ಚಾಪೆ. ದಪ್ಪ ಒಂದೆರಡು ಇಂಚು. ಮಂಚದಲ್ಲಿ ಪಟ್ಟಿಗಳಿದ್ದು ಜಾಗ ಮಾತ್ರ ಹೆಚ್ಚಿರುವಾಗ ಇದು ಸಾಕು. ಪಟ್ಟಿಯೇ ಇಲ್ಲದ ಚೌಕಟ್ಟಿಗೆ ಇದು ಸಾಲದು, ನಡುವೆ ಬಾಗಿಬಿಡುತ್ತದೆ.

ಇಂಟರ್ನೆಟ್ಟಿನಲ್ಲಿ ಓದುವವರು ಇನ್ನೊಂದು ವಿಷಯ ಗಮನಿಸಬೇಕು. ಯುರೋಪಿನಲ್ಲಿ ಬಾಕ್ಸ್ ಸ್ಪ್ರಿಂಗ್ ಮಂಚ ಎಂದರೆ ಇಡೀ ಮಂಚವೇ. ಕಾಲಿರುವ ಸ್ಪ್ರಿಂಗಿನ ತಳ, ಅದರ ಮೇಲೆ ಹಾಸಿಗೆ, ಅದರ ಮೇಲೆ ಒಂದು ತೆಳು ಮೇಲ್ಹಾಸು, ಎಲ್ಲ ಒಟ್ಟಿಗೆ ಬರುತ್ತವೆ. ಅದನ್ನು ಹೊಗಳಿ ಬರೆದದ್ದನ್ನು ಓದಿ ನಿಮ್ಮ ಮಂಚಕ್ಕೆ ಬಿಡಿ ಬಾಕ್ಸ್ ತರಿಸಿಕೊಳ್ಳಬೇಡಿ.

ಹಳೆಯ ಬಾಕ್ಸ್ ಸ್ಪ್ರಿಂಗ್ ಇದೆ. ಹೊಸ ಹಾಸಿಗೆಯನ್ನು ಅದರ ಮೇಲೆಯೇ ಹಾಕಬಹುದೇ?

ಹಾಸಿಗೆ ತೆಗೆದು ಬಾಕ್ಸನ್ನು ಖಾಲಿ ಬಿಡಿ. ಒಂದು ನೇರವಾದ ಕೋಲನ್ನೋ ಬಿಗಿಯಾಗಿ ಎಳೆದ ದಾರವನ್ನೋ ಒಂದು ಬದಿಯಿಂದ ಇನ್ನೊಂದಕ್ಕೆ ಹಿಡಿಯಿರಿ. ನಡುವೆ ಕೋಲಿಗೂ ಬಟ್ಟೆಗೂ ಒಂದು ಇಂಚಿನಷ್ಟು ಅಂತರ ಕಂಡರೆ ಅದರ ಆಯಸ್ಸು ಮುಗಿದಿದೆ. ಆಮೇಲೆ ಅಲ್ಲಲ್ಲಿ ಕೈಯಿಂದ ಒತ್ತಿ. ಎಲ್ಲ ಕಡೆ ಒಂದೇ ಥರ ಪುಟಿಯಬೇಕು. ಒಂದು ಮೂಲೆ ಸತ್ತಂತಿದ್ದರೆ ಅಲ್ಲಿನ ಸ್ಪ್ರಿಂಗ್ ಹೋಗಿದೆ.

ಹೊಸ ಹಾಸಿಗೆ ತಂದ ಕೆಲವೇ ತಿಂಗಳಲ್ಲಿ ಗುಂಡಿ ಬಿತ್ತು ಎಂದು ದೂರುವವರಿಗೆ ನಾನು ಹೇಳುವ ಪರೀಕ್ಷೆ ಇದು: ಆ ಹಾಸಿಗೆಯನ್ನು ಎರಡು ರಾತ್ರಿ ಗಟ್ಟಿ ನೆಲದ ಮೇಲೆ ಹಾಕಿ ಮಲಗಿ. ಗುಂಡಿ ಕಾಣದಿದ್ದರೆ ಹಾಸಿಗೆ ಚೆನ್ನಾಗಿಯೇ ಇದೆ, ತಪ್ಪು ಕೆಳಗಿನದ್ದು. ಒಳ್ಳೆಯ ಹಾಸಿಗೆಯೊಂದು ಸುಮ್ನೆ ಕಸಕ್ಕೆ ಹೋಗುವುದು ತಪ್ಪುತ್ತದೆ.

ಕುಸಿದ ಹಳೆಯ ಬಾಕ್ಸಿನ ಮೇಲೆ ಒಂದು ಪ್ಲೈವುಡ್ ಹಾಕಿದರೆ ಸರಿಹೋಗುವುದಿಲ್ಲವೇ?

ಕೆಲವು ದಿನಕ್ಕೆ ಸರಿಹೋಗುತ್ತದೆ. ಹಲಗೆ ಗುಂಡಿಯನ್ನು ಮುಚ್ಚುತ್ತದೆ, ಗುಂಡಿ ಹಾಗೇ ಇರುತ್ತದೆ. ಕೆಳಗಿನ ಸ್ಪ್ರಿಂಗ್ ಇನ್ನೂ ಕುಸಿಯುತ್ತಾ ಹೋಗುವುದರಿಂದ ಹಲಗೆ ಅಲುಗಾಡಲು, ಕಿರುಗುಟ್ಟಲು ಶುರುವಾಗುತ್ತದೆ. ಸೋತ ಬಾಕ್ಸನ್ನು ತೆಗೆದೇ ಬಿಡುವುದು ಒಳ್ಳೆಯದು.

ಪಟ್ಟಿಗಳ ಮೇಲೆ ಪ್ಲೈವುಡ್ ಹಾಕುವುದು ಬೇರೆ ಮಾತು, ಅದು ಒಳ್ಳೆಯ ಉಪಾಯ. ಪಟ್ಟಿಗಳು ಹತ್ತಿರ ಹತ್ತಿರ ಇದ್ದರೆ 12 ಮಿ.ಮೀ. ಸಾಕು. ದೂರ ಇದ್ದರೆ 18 ಮಿ.ಮೀ. ಹಾಕಿ. ಹಲಗೆಯಲ್ಲಿ ಅಲ್ಲಲ್ಲಿ ಒಂದಿಂಚು ಅಗಲದ ತೂತು ಕೊರೆಯಲು ಮರೆಯಬೇಡಿ. ಮೈಯ ಬೆವರಿನ ಪಸೆ ಹಾಸಿಗೆಯೊಳಗೆ ಇಳಿಯುತ್ತದೆ. ತಳ ಪೂರ್ತಿ ಮುಚ್ಚಿದ್ದರೆ ಅದು ಹೊರಹೋಗಲು ದಾರಿಯಿಲ್ಲದೆ ಬೂಷ್ಟು ಹಿಡಿಯುತ್ತದೆ. ಅಂಚುಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ, ಇಲ್ಲದಿದ್ದರೆ ಸಿಬಿರು ಹಾಸಿಗೆಯ ಬಟ್ಟೆಯನ್ನು ಹರಿಯುತ್ತದೆ.

ಕೆಳಗೆ ಸಾಮಾನು ಇಡುವ ಪೆಟ್ಟಿಗೆ ಮಂಚಕ್ಕೆ?

ಬೇಡ. ಅದರ ಮುಚ್ಚಳವೇ ಗಟ್ಟಿ ತಳ. ಅದರ ಮೇಲೆ ಬಾಕ್ಸ್ ಸ್ಪ್ರಿಂಗ್ ಇಟ್ಟರೆ ಮುಚ್ಚಳ ಎತ್ತುವುದೇ ಕಷ್ಟವಾಗುತ್ತದೆ. ಆದರೆ ಗಾಳಿಯಾಡದ ಸಮಸ್ಯೆ ಇಲ್ಲಿ ಎಲ್ಲಕ್ಕಿಂತ ಹೆಚ್ಚು. ಆಗಾಗ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ಮುಚ್ಚಳ ತೆರೆದಿಡಿ.

ತಲೆ, ಕಾಲು ಎತ್ತಿ ಇಳಿಸುವ ಮೋಟಾರ್ ಮಂಚಕ್ಕೆ?

ಬೇಡವೇ ಬೇಡ. ಬಾಕ್ಸ್ ಬಾಗುವುದಿಲ್ಲ, ಮಂಚ ಬಾಗಬೇಕು. ಎರಡೂ ಒಟ್ಟಿಗೆ ಇರಲಾರವು.

ಮಂಚ ತೀರಾ ತಗ್ಗಾಯಿತು. ಎತ್ತರಕ್ಕೆಂದು ಬಾಕ್ಸ್ ಸ್ಪ್ರಿಂಗ್ ಹಾಕಬಹುದೇ?

ಹಾಕಬಹುದು. ಇದು ನಿಜವಾದ ಕಾರಣ, ಕಡೆಗಣಿಸುವಂಥದ್ದಲ್ಲ. ಮಂಡಿ ನೋವಿರುವವರಿಗೆ, ವಯಸ್ಸಾದವರಿಗೆ ತಗ್ಗು ಹಾಸಿಗೆಯಿಂದ ಏಳುವುದು ದಿನಾ ಒದಗುವ ಕಷ್ಟ. ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಹೆಚ್ಚುಕಡಿಮೆ ನೇರ ಮೂಲೆಯಲ್ಲಿ ಮಡಚಿರಬೇಕು. ಬಹಳಷ್ಟು ದೊಡ್ಡವರಿಗೆ ನೆಲದಿಂದ ಹಾಸಿಗೆಯ ಮೇಲ್ಭಾಗಕ್ಕೆ 20ರಿಂದ 25 ಇಂಚು ಇದ್ದರೆ ಇದು ಸರಿಹೋಗುತ್ತದೆ.

ಕೊಳ್ಳುವ ಮೊದಲು ಕೂಡಿಸಿ ನೋಡಿ. 7 ಇಂಚಿನ ಚೌಕಟ್ಟು, 9 ಇಂಚಿನ ಬಾಕ್ಸ್, 14 ಇಂಚಿನ ಹಾಸಿಗೆ ಎಂದರೆ 30 ಇಂಚಾಯಿತು. ಗಿಡ್ಡಗಿರುವವರು ಅದನ್ನು ಹತ್ತಿಯೇ ಮಲಗಬೇಕು, ಜಾರಿಯೇ ಇಳಿಯಬೇಕು. ಅದೇ ಹಾಸಿಗೆಗೆ 5 ಇಂಚಿನ ತೆಳು ಬಾಕ್ಸ್ ಹಾಕಿದರೆ 26ಕ್ಕೆ ಇಳಿಯುತ್ತದೆ. ಒತ್ತಾದ ಪಟ್ಟಿ ಇರುವ ಮಂಚವನ್ನು ಬರೀ ಎತ್ತರಿಸುವುದಷ್ಟೇ ಬೇಕಿದ್ದರೆ, ಕಾಲುಗಳ ಕೆಳಗೆ ಗಟ್ಟಿಯಾದ ಎತ್ತರದ ಆಸರೆ ಕೊಡುವುದು ಇನ್ನೂ ಸುಲಭ. ನಡುವಿನ ಕಾಲಿಗೂ ಅಷ್ಟೇ ಎತ್ತರದ್ದು ಕೊಡಬೇಕು. ಅದನ್ನು ಮರೆತರೆ ಭಾರವೆಲ್ಲ ನಾಲ್ಕು ಮೂಲೆಗೆ ಬೀಳುತ್ತದೆ.

ಮಕ್ಕಳ ಮಹಡಿ ಮಂಚಕ್ಕೆ?

ಮೇಲಿನ ಮಂಚಕ್ಕೆ ಯಾವ ಕಾರಣಕ್ಕೂ ಹಾಕಬೇಡಿ. ಅಲ್ಲಿ ಮಗು ಬೀಳದಂತೆ ತಡೆಯುವ ಅಡ್ಡಗಂಬಿ ಇರುತ್ತದೆ. ಹಾಸಿಗೆಯ ಮೇಲ್ಭಾಗದಿಂದ ಆ ಗಂಬಿ ಕನಿಷ್ಠ 5 ಇಂಚು ಮೇಲಿರಬೇಕು. ಬಾಕ್ಸ್ ಸ್ಪ್ರಿಂಗ್ ಹಾಕಿದರೆ ಹಾಸಿಗೆ ಗಂಬಿಯ ಮಟ್ಟಕ್ಕೇ ಬಂದುಬಿಡುತ್ತದೆ, ನಿದ್ದೆಯಲ್ಲಿ ಹೊರಳಿದ ಮಗು ಸೀದಾ ಕೆಳಕ್ಕೆ. ಪಟ್ಟಿಗಳು ವಿರಳವಾಗಿದ್ದರೆ ಬಂಕಿ ಬೋರ್ಡ್ ಹಾಕಿ, ಹಾಸಿಗೆಯನ್ನೂ ತೆಳ್ಳಗಿರುವುದನ್ನೇ ಆರಿಸಿ.

ಬಾಕ್ಸ್ ಸ್ಪ್ರಿಂಗ್ ಇಲ್ಲದಿದ್ದರೆ ವಾರಂಟಿ ಹೋಗುತ್ತದೆ ಎನ್ನುತ್ತಾರೆ, ನಿಜವೇ?

ವಾರಂಟಿ ಕಾಗದವನ್ನೇ ಓದಿ. ಬಹುತೇಕ ಕಡೆ ಬರೆದಿರುವುದು ಹಾಸಿಗೆಗೆ ತಕ್ಕ ಆಸರೆ ಇರಬೇಕು ಎಂದು. ಪಟ್ಟಿಗಳ ನಡುವಿನ ಜಾಗ, ನಡುವಿನ ಕಾಲು, ಇವುಗಳ ಅಳತೆ ಅಲ್ಲಿ ಕೊಟ್ಟಿರುತ್ತಾರೆ. ಕೆಲವು ಫೋಮ್ ಹಾಸಿಗೆಗಳಲ್ಲಿ ಇದು ತಿರುಗುಮುರುಗು: ಸ್ಪ್ರಿಂಗ್ ಇರುವ ಬಾಕ್ಸಿನ ಮೇಲೆ ಹಾಕಿದರೇ ವಾರಂಟಿ ಇಲ್ಲ. ಹಾಸಿಗೆ ಹಾಸುವ ಮೊದಲು ಮಂಚದ ತಳದ ಒಂದು ಫೋಟೋ ತೆಗೆದಿಡಿ. ಟೇಪನ್ನು ಪಟ್ಟಿಗಳ ಮೇಲೆ ಇಟ್ಟೇ ತೆಗೆಯಿರಿ. ಮುಂದೆ ಗುಂಡಿ ಬಿದ್ದು ದೂರು ಕೊಡುವಾಗ ಮೊದಲು ಕೇಳುವುದೇ ಅದನ್ನು.

ಮಂಚವೇ ಬೇಡ, ನೆಲದ ಮೇಲೆ ಹಾಕಿಕೊಂಡರೆ?

ಆಸರೆಯ ದೃಷ್ಟಿಯಿಂದ ನೆಲಕ್ಕಿಂತ ಗಟ್ಟಿ ತಳ ಇನ್ನೊಂದಿಲ್ಲ. ತೊಂದರೆ ಇರುವುದು ಪಸೆಯದ್ದು. ತಣ್ಣನೆಯ ನೆಲ, ಮೇಲೆ ಬೆಚ್ಚಗಿನ ಮೈ, ನಡುವೆ ಹಾಸಿಗೆ. ತಳದಲ್ಲಿ ನೀರಿನಂಶ ಕೂಡಿಕೊಳ್ಳುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆಯನ್ನು ಎತ್ತಿ ನಿಲ್ಲಿಸುವವರಿಗೆ ಚಿಂತೆಯಿಲ್ಲ. ದಿನವಿಡೀ ಹಾಸಿಯೇ ಇಡುವುದಾದರೆ ಕೆಳಗೆ ಮರದ ಪಟ್ಟಿಗಳ ತಗ್ಗು ಚೌಕಟ್ಟೊಂದನ್ನು ಕೊಡಿ.

ರಾತ್ರಿ ಹೊರಳಿದಾಗ ಕಿರ್ರ್ ಎನ್ನುತ್ತದೆ. ಬಾಕ್ಸ್ ಬದಲಿಸಬೇಕೇ?

ಮೊದಲು ಶಬ್ದ ಎಲ್ಲಿಂದ ಎಂದು ಹುಡುಕಿ. ಹಾಸಿಗೆ ಇಳಿಸಿ, ಬಾಕ್ಸನ್ನು ನೆಲದ ಮೇಲಿಟ್ಟು ಒತ್ತಿ. ಅಲ್ಲೂ ಕಿರುಗುಟ್ಟಿದರೆ ಬಾಕ್ಸಿನದೇ ತಪ್ಪು, ಅದನ್ನು ರಿಪೇರಿ ಮಾಡಲು ಹೋಗಬೇಡಿ. ಸದ್ದಿಲ್ಲದಿದ್ದರೆ ಚೌಕಟ್ಟಿನ ಬೋಲ್ಟುಗಳನ್ನು ಬಿಗಿ ಮಾಡಿ. ಮರ ಮರಕ್ಕೆ, ಮರ ಕಬ್ಬಿಣಕ್ಕೆ ಉಜ್ಜುವ ಕಡೆ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ. ಹೆಚ್ಚಿನ ಸಲ ಇಷ್ಟಕ್ಕೇ ನಿಲ್ಲುತ್ತದೆ.

ಬೇಕು ಎಂದು ತೀರ್ಮಾನವಾಯಿತು. ಕೊಳ್ಳುವಾಗ ಏನು ನೋಡಬೇಕು?

ಅಳತೆಯನ್ನು ಮಂಚದ ಒಳಬದಿಯಿಂದ ತೆಗೆದುಕೊಳ್ಳಿ, ಹಾಸಿಗೆಯ ಚೀಟಿಯಿಂದಲ್ಲ. ಬಾಕ್ಸ್ ಹಾಸಿಗೆಯಷ್ಟೇ ಅಗಲ, ಉದ್ದ ಇರಬೇಕು. ಚಿಕ್ಕದಾದರೆ ಹಾಸಿಗೆಯ ಅಂಚು ಜೋತು ಬೀಳುತ್ತದೆ. ತಲೆಬದಿಯ ಹಲಗೆ ಎಷ್ಟು ಎತ್ತರ ಇದೆ ಎಂದೂ ನೋಡಿ, ಬಾಕ್ಸ್ ಮತ್ತು ಹಾಸಿಗೆ ಸೇರಿ ಅದನ್ನು ಮುಚ್ಚಿಬಿಡಬಾರದು.

ಇನ್ನು ಮನೆಯೊಳಗೆ ತರುವ ಮಾತು. ಹಾಸಿಗೆಯನ್ನು ತುಸು ಬಾಗಿಸಿ ತಿರುವಿನಲ್ಲಿ ನುಗ್ಗಿಸಬಹುದು, ಬಾಕ್ಸನ್ನು ಆಗುವುದಿಲ್ಲ. ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟು, ಮೂರನ್ನೂ ಅಳೆದುಕೊಳ್ಳಿ. ಅಗಲದ ಮಂಚಗಳಿಗೆ ಎರಡು ಭಾಗವಾಗಿ ಬರುವ ಬಾಕ್ಸ್ ಸಿಗುತ್ತದೆ, ಇಕ್ಕಟ್ಟಿನ ಮನೆಗೆ ಅದೇ ಸರಿ. ಎರಡು ಭಾಗ ಕೂಡುವ ಗೆರೆಯ ಕೆಳಗೆ ನಡುವಿನ ತೊಲೆ ಬರುವಂತೆ ಇಡಿ, ಇಲ್ಲದಿದ್ದರೆ ಎರಡರ ಒಳಅಂಚೂ ಕೆಳಕ್ಕೆ ವಾಲುತ್ತದೆ. ಮನೆಗೆ ತಂದ ದಿನವೇ ಹಾಸಿಗೆ ಹಾಕುವ ಮೊದಲು ಬರೀ ಬಾಕ್ಸಿನ ಮೂಲೆಗಳನ್ನು ಒಂದೊಂದಾಗಿ ಒತ್ತಿ. ಯಾವುದಾದರೂ ಮೂಲೆ ಎದ್ದು ಕೂತರೆ ಚೌಕಟ್ಟು ಸೊಟ್ಟಗಿದೆ. ಆಗ ಬೋಲ್ಟುಗಳನ್ನು ಸಡಿಲಿಸಿ, ನೇರ ಮಾಡಿ, ಮತ್ತೆ ಬಿಗಿಯಿರಿ.